ಸೊಲ್ಲಾಪುರದವರು ನಮ್ಮ ರಕ್ತವೇನಾ?

ಪ್ರಶ್ನೆ: ನಮ್ಮದು ವಿಜಯಪುರ ಜಿಲ್ಲೆ, ಇಂಡಿ ತಾಲ್ಲೂಕು. 1972ರ ಬರಗಾಲದಲ್ಲಿ ನಮ್ಮ ಅಜ್ಜನ ಅಣ್ಣ ಸೊಲ್ಲಾಪುರಕ್ಕೆ ದುಡಿಯಲು ಹೋದವರು ತಿರುಗಿ ಬರಲಿಲ್ಲ. ಈಗ ಅಲ್ಲಿಯ ಒಬ್ಬರು ‘ನಾನು ಅವರ ಮಗನ ಮಗ’ ಅಂತಾರೆ. ಅವರ ತಂದೆ ತೀರಿಕೊಂಡಿದ್ದಾರೆ. ನಾವಿಬ್ಬರೂ ಡಿಎನ್‌ಎ ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತದಾ?

ಉತ್ತರ: ಗೊತ್ತಾಗುತ್ತದೆ. ಆದರೆ ನಿಮ್ಮ ತಂದೆ ಇದ್ದಾರಾ? ಇದ್ದರೆ ನಿಮಗಿಂತ ಮೊದಲು ಅವರ ಜೊಲ್ಲು ಕೊಡಿಸಿ. ಅಜ್ಜಂದಿರು ಅಣ್ಣತಮ್ಮಂದಿರಾಗಿದ್ದರೆ ಮೊಮ್ಮಕ್ಕಳ ಡಿಎನ್‌ಎ ಸರಾಸರಿ ಶೇಕಡಾ 3ರಷ್ಟು ಹೊಂದುತ್ತದೆ. ನಿಮ್ಮ ತಂದೆ ಸೊಲ್ಲಾಪುರದವರಿಗೆ ಕಾಕಾ ಆಗಬೇಕಲ್ವಾ, ಅಲ್ಲಿ ಶೇಕಡಾ 6ರಷ್ಟು ಸಿಗುತ್ತದೆ. ಒಂದು ತಲೆಮಾರು ಇಳಿದರೆ ಅರ್ಧ ಕರಗಿತು.

ವೈ ಕ್ರೋಮೋಸೋಮಿನ ಪರೀಕ್ಷೆಯನ್ನೂ ಮಾಡಿಸಬಹುದು. ಅದು ಅಪ್ಪನಿಂದ ಮಗನಿಗೆ ಹೆಚ್ಚು ಬದಲಾಗದೆ ಹೋಗುತ್ತದೆ. ಅದು ಹೊಂದದಿದ್ದರೆ ಗಂಡು ಸಾಲಿನ ಸಂಬಂಧ ಇಲ್ಲ. ಹೊಂದಿದರೂ ಅವರು ಅಜ್ಜನ ಅಣ್ಣನ ಮೊಮ್ಮಗನೋ, ಹತ್ತು ತಲೆಮಾರಿನ ಹಿಂದೆ ಕವಲೊಡೆದವರೋ ಅಂತ ಅದೊಂದೇ ಹೇಳಲಾರದು.

ನಮ್ಮ ಕಡೆ ಇನ್ನೊಂದು ತೊಡಕಿದೆ. ಸೋದರಮಾವನಿಗೆ, ಅತ್ತೆಮಗನಿಗೆ ಕೊಡುವ ರೂಢಿ ಜಾಸ್ತಿ. ಎರಡು ಮನೆಗಳ ನಡುವೆ ಹಿಂದೆ ಹೆಣ್ಣು ಕೊಟ್ಟು ತಂದಿದ್ದರೆ ಎರಡು ಕಡೆಯ ಪಾಲು ಸೇರಿ, ದೂರದ ನೆಂಟರೂ ಹತ್ತಿರದವರಂತೆ ಕಾಣುತ್ತಾರೆ. ಹಾಗಾಗಿ ಮೊದಲು ವಂಶಾವಳಿ ಬರೆದುಕೊಳ್ಳಿ. ಎತ್ತಿನ ಮೇಲೆ ಬಂದು ಅಂಗಳದಲ್ಲಿ ನಿಂತು ಮನೆತನದ ಹೆಸರು ಹೇಳುತ್ತಿದ್ದ ಹೆಳವರನ್ನು ಹುಡುಕಿ. ಯಾವ ಹೆಳವರು ನಿಮ್ಮ ಮನೆಗೆ ಬರುತ್ತಿದ್ದರು ಅಂತ ಊರಿನ ಹಿರಿಯರನ್ನು ಕೇಳಿ. ನಿಮ್ಮ ಅಜ್ಜನ ಹೆಸರಿನ ಪಕ್ಕ ಅಣ್ಣನ ಹೆಸರು ಅವರ ಪುಸ್ತಕದಲ್ಲಿ ಸಿಕ್ಕರೆ ದೊಡ್ಡ ಆಧಾರ. ಅಲ್ಲಿ ಹೆಣ್ಣುಮಕ್ಕಳ ಹೆಸರು ಸಿಗದಿದ್ದರೆ ಅಟ್ಟದ ಮೇಲಿನ ತಾಮ್ರದ ಕೊಡ ಇಳಿಸಿ, ಹುಣಸೆಹಣ್ಣು ಹಚ್ಚಿ ತಿಕ್ಕಿ. ಕೊಡದ ಕೊರಳಲ್ಲಿ ಚುಕ್ಕಿ ಚುಕ್ಕಿಯಾಗಿ ಹೊಡೆಸಿದ ಹೆಸರು ಇರುತ್ತದೆ. ಅಜ್ಜಿಯ ತವರಿನ ಸುಳಿವು ಎಷ್ಟೋ ಸಲ ಅಲ್ಲೇ ಸಿಗುತ್ತದೆ.

ಫಲಿತಾಂಶ ‘ಇಲ್ಲ’ ಅಂತಲೂ ಬರಬಹುದು. ಬಂದರೆ ಏನು ಮಾಡುವುದು ಅಂತ ಎರಡೂ ಮನೆಯವರು ಕೂತು ಮೊದಲೇ ಮಾತಾಡಿಕೊಳ್ಳಿ. ತಂದೆಯವರಿಗೆ ಎಲ್ಲ ತಿಳಿಸಿ ಹೇಳಿ, ಒಪ್ಪಿದರೆ ಮಾತ್ರ ಮುಂದುವರಿಯಿರಿ. ಜೊಲ್ಲು ಕೊಡುವ ಅರ್ಧ ಗಂಟೆ ಮೊದಲಿನಿಂದ ಏನೂ ತಿನ್ನಬಾರದು, ಕುಡಿಯಬಾರದು. ಎಲೆ ಅಡಿಕೆಯೂ ಬೇಡ. ಬೆಳಿಗ್ಗೆ ಚಹಾಕ್ಕಿಂತ ಮೊದಲೇ ಮುಗಿಸಿಬಿಟ್ಟರೆ ಅವರಿಗೂ ಸುಲಭ.