ಶಾಲೆಯ ಒಂದು ಗುಂಟೆ ಎರೆಹೊಲ

ಪ್ರಶ್ನೆ: ನಮ್ಮೂರಿನ ಸರ್ಕಾರಿ ಶಾಲೆಯ ಹಿಂದೆ ಒಂದು ಗುಂಟೆ ಎರೆಭೂಮಿ (ಕಪ್ಪುಮಣ್ಣಿನ ನೆಲ) ಖಾಲಿ ಬಿದ್ದಿದೆ. ಅಲ್ಲಿ ಮಕ್ಕಳಿಗೆ ಒಕ್ಕಲುತನ ಕಲಿಸಬೇಕೆಂದು ಪಾಲಕರೆಲ್ಲ ಯೋಚಿಸಿದ್ದೇವೆ. ಓದಿಗೆ ಅಡ್ಡಿಯಾಗದಂತೆ ಹೇಗೆ ಆರಂಭಿಸಬೇಕು?
– ಒಬ್ಬ ಪಾಲಕರು, ಇಂಡಿ ತಾಲ್ಲೂಕು, ವಿಜಯಪುರ ಜಿಲ್ಲೆ

ಉತ್ತರ: ಮೊದಲು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ ವಿಷಯ ಮಂಡಿಸಿ ಠರಾವು ಬರೆಸಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರು, ಒಟ್ಟಾರೆ ಅರ್ಧದಷ್ಟು ಮಹಿಳೆಯರು ಇರಬೇಕು; ಬೀಜ ಕಾಯ್ದಿಡುವ ತಾಯಂದಿರ ಅನುಭವ ಅಲ್ಲಿ ತಪ್ಪದೇ ಕೇಳಿಬರಲಿ.

ಮುಂಗಾರಿನಲ್ಲೇ ಚೌಕುಮಡಿ (ಸುತ್ತ ಚಿಕ್ಕ ಬದುವಿರುವ ಚೌಕಾಕಾರದ ಮಡಿ) ಕಟ್ಟಿ ಮಳೆನೀರು ಇಂಗಿಸಿದರೆ, ಸೆಪ್ಟೆಂಬರ್‌–ಅಕ್ಟೋಬರಿನಲ್ಲಿ ಬಿತ್ತಿದ ಹಿಂಗಾರಿ ಜೋಳ ಮತ್ತು ಕಡಲೆ ಎರೆಮಣ್ಣು ಹಿಡಿದಿಟ್ಟ ತೇವದ ಮೇಲೆಯೇ ಬಹುಮಟ್ಟಿಗೆ ಬೆಳೆಯುತ್ತವೆ. ಅಂಚಿಗೆ ಕುಸುಬೆ ಹಾಕಿ. ಅದರ ಮುಳ್ಳಿಗೆ ದನಗಳು ಒಳನುಗ್ಗುವುದಿಲ್ಲ. ಓದಿನ ಬಗ್ಗೆ ಆತಂಕ ಬೇಡ, ಗಣಿತದ ಪಾಠ ಈ ಹೊಲದಲ್ಲೇ ಇದೆ: ಒಂದು ಚದರ ಮೀಟರಿನ ಮೇಲೆ ಬಿದ್ದ 1 ಮಿ.ಮೀ. ಮಳೆ 1 ಲೀಟರ್ ನೀರಿಗೆ ಸಮ. ಗುಂಟೆಯೊಂದು ಸುಮಾರು 101 ಚದರ ಮೀಟರ್ ಆದ್ದರಿಂದ, 20 ಮಿ.ಮೀ. ಮಳೆಗೆ ಎರಡು ಸಾವಿರ ಲೀಟರಿಗೂ ಹೆಚ್ಚು ನೀರು ಬಿದ್ದದ್ದನ್ನು ಮಕ್ಕಳೇ ಲೆಕ್ಕ ಹಾಕಬಲ್ಲರು. ಆದರೆ ಭಾರದ ಕೆಲಸ ಹಿರಿಯರದೇ ಆಗಿರಲಿ, ಕೀಟನಾಶಕವಂತೂ ಶಾಲೆಯ ಆವರಣಕ್ಕೇ ಬರಬಾರದು. ಇದನ್ನು ನಾನು ಒತ್ತಿ ಹೇಳುತ್ತೇನೆ. ಬೀಜ ಮತ್ತು ಬಿತ್ತನೆಯ ಸಲಹೆಗಾಗಿ ವಿಜಯಪುರದ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಿ.