ಹಳೇ ಹಸಿರು ಕಂಬ ಸೀಳುವಾಗ ಆರ್ಸೆನಿಕ್: ಬರೀ ಮಾಸ್ಕ್ ಸಾಕೇ?

ನೀವು ಕೇಳಿದ್ದು: ಸಾಗರದ ಹತ್ತಿರ ನಿಮ್ಮ ಸಣ್ಣ ಸಾಮಿಲ್. ಹರಾಜಿನಲ್ಲಿ ತಂದ ಹಳೇ ಹಸಿರು ಬಣ್ಣದ ಮರದ ಕಂಬ ಸೀಳಿ ಕೊಟ್ಟಿಗೆಗೆ ರೀಪು ಮಾಡಿ ಕೊಡುತ್ತೀರಿ. ಅದರಲ್ಲಿ ಪಾಷಾಣ, ಅಂದರೆ ಆರ್ಸೆನಿಕ್, ಇದೆ ಎಂದು ಯಾರೋ ಹೇಳಿದ್ದಾರೆ. ಕೆಲಸದವರಿಗೆ ಮಾಸ್ಕ್ ಕೊಟ್ಟರೆ ಸಾಕೇ?

ಸಾಲದು. ಮಾಸ್ಕ್ ಬರುವುದು ಕಟ್ಟಕಡೆಗೆ.

ಆ ಹಸಿರು ತಾಮ್ರದ್ದು. ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿದ ಸಿಸಿಎ ದ್ರಾವಣವನ್ನು ಒತ್ತಡ ಕೊಟ್ಟು ಮರದೊಳಕ್ಕೆ ಇಳಿಸಿರುತ್ತಾರೆ. 1933ರಲ್ಲಿ ಡೆಹ್ರಾಡೂನಿನಲ್ಲಿ ಸೋಂಟಿ ಕಾಮೇಶಂ ಕಂಡುಹಿಡಿದ ಔಷಧ ಅದು. ಹಳಬರು ಆಸ್ಕು ಅಂತಲೂ ಕರೆಯುತ್ತಾರೆ. ಒಂದು ಘನ ಮೀಟರ್ ಮರಕ್ಕೆ 6.4 ಕೆ.ಜಿ. ಔಷಧ ಹಿಡಿದಿದ್ದರೆ, ಅದರಲ್ಲಿ ಶುದ್ಧ ಆರ್ಸೆನಿಕ್ಕೇ ಸುಮಾರು 1.4 ಕೆ.ಜಿ. ಕಪ್ಪು ಕ್ರಿಯೋಸೋಟ್ (ಟಾರಿನ ಎಣ್ಣೆ) ಕಂಬದ ಕಥೆ ಬೇರೆ. ಬೋರಾನ್ ಹಾಕಿದ ರಬ್ಬರ್ ಮರದಲ್ಲಿ ಆರ್ಸೆನಿಕ್ ಇರುವುದಿಲ್ಲ. ಹಳೇ ಕಂಬದ ಹಸಿರು ಬಿಸಿಲು ಮಳೆಗೆ ಮಾಸಿ ಬೂದು ಬಣ್ಣಕ್ಕೆ ತಿರುಗಿರುತ್ತದೆ, ಹಾಗಾಗಿ ಹೊರಮೈ ನಂಬಬೇಡಿ. ತುದಿಯ ಹೊಸ ಕೊಯ್ತದಲ್ಲಿ ಹೊರಗಿನ ಬಿಳಿಮರದ ಸುತ್ತ ಹಸಿರು ಉಂಗುರ ಕಾಣುತ್ತದೆಯೇ ನೋಡಿ. ಗ್ಯಾರಂಟಿ ಬೇಕಿದ್ದರೆ ಚೂರೊಂದನ್ನು ಲ್ಯಾಬಿಗೆ ಕಳಿಸಿ.

ಆ ಉಂಗುರವೇ ನನ್ನ ಮೊದಲ ಸಲಹೆಗೆ ಕಾರಣ: ಸೀಳಬೇಡಿ. ಔಷಧ ಇಳಿಯುವುದು ಬಿಳಿಮರಕ್ಕೆ ಮಾತ್ರ, ನಡುವಿನ ಗಟ್ಟಿ ಮರವಾದ ಚೇಗಿಗೆ ಹೆಚ್ಚುಕಡಿಮೆ ಇಲ್ಲ. ಸೀಳಿದರೆ ವಿಷದ ಪುಡಿ ನಿಮ್ಮವರ ಮೂಗಿಗೆ, ಔಷಧವಿಲ್ಲದ ಚೇಗು ಗೆದ್ದಲಿಗೆ. ಕಂಬವನ್ನು ಕಂಬವಾಗಿಯೇ ಮಾರಿ, ಬೇಕಾದ ಉದ್ದಕ್ಕೆ ಅಡ್ಡ ಕೊಯ್ದು ಕೊಡಿ. ಪುಡಿಯೂ ಕಡಿಮೆ.

ಕೊಯ್ಯಲೇಬೇಕೆಂದರೆ ಪುಡಿಯನ್ನು ಬ್ಲೇಡಿನ ಬಾಯಲ್ಲೇ ಎಳೆಯಬೇಕು. ಗೋಡೆಯ ಎಕ್ಸಾಸ್ಟ್ ಫ್ಯಾನ್ ಪುಡಿಯನ್ನು ಕೆಲಸದವನ ಮುಖದ ಮೇಲೆ ಹಾಯಿಸಿಕೊಂಡೇ ಹೊರಗೆ ಹಾಕುತ್ತದೆ. ಬ್ಲೇಡಿಗೆ ಹೊಂದುವ ಹುಡ್, ಅಲ್ಲಿಂದ ಪೈಪು. ಪೈಪಿನಲ್ಲಿ ಗಾಳಿ ಸೆಕೆಂಡಿಗೆ ಸುಮಾರು 20 ಮೀಟರ್ ಓಡಬೇಕು. 10 ಸೆಂ.ಮೀ. ಪೈಪಿಗೆ ಅದು ಗಂಟೆಗೆ ಸುಮಾರು 565 ಘನ ಮೀಟರ್. ಇದಕ್ಕಿಂತ ಕಡಿಮೆಯಾದರೆ ಹೊಟ್ಟು ಬಾಗುಗಳಲ್ಲಿ ಕಟ್ಟಿಕೊಳ್ಳುತ್ತದೆ, ಅದರಲ್ಲೂ ಮಳೆಗಾಲದ ಒದ್ದೆ ಹೊಟ್ಟು. ಬಟ್ಟೆ ಚೀಲದ ಕಲೆಕ್ಟರನ್ನು ಶೆಡ್ಡಿನೊಳಗೆ ಇಡಬೇಡಿ, ನಯವಾದ ಪುಡಿ ಚೀಲದಿಂದ ಸೋರಿ ವಾಪಸ್ ಬರುತ್ತದೆ. ಸ್ಯಾಂಡಿಂಗ್ ಬೇಡವೇ ಬೇಡ. ಕಂಪ್ರೆಸರ್ ಗಾಳಿ ಬಿಟ್ಟು ಮೈ ಕೊಡವುವುದು, ಒಣ ಪೊರಕೆಯಲ್ಲಿ ಗುಡಿಸುವುದು ನಿಲ್ಲಲಿ. ನೀರು ಚಿಮುಕಿಸಿ ಬಳಿಯಿರಿ ಅಥವಾ ನಯವಾದ ಪುಡಿಯನ್ನೂ ಹಿಡಿಯುವ ಹೆಪಾ ಫಿಲ್ಟರಿನ ವ್ಯಾಕ್ಯೂಮ್ ಬಳಸಿ.

ಈಗ ಮಾಸ್ಕ್. ಟವೆಲ್, ಸರ್ಜಿಕಲ್ ಮಾಸ್ಕ್ ಲೆಕ್ಕಕ್ಕಿಲ್ಲ. ನಯವಾದ ಪುಡಿಯನ್ನೂ ತಡೆಯುವ ಪಿ100 ದರ್ಜೆಯ ಫಿಲ್ಟರ್ ಹಾಕಿದ ರಬ್ಬರಿನ ಅರ್ಧಮುಖ ಮಾಸ್ಕ್ ತನ್ನಿ. ಗಡ್ಡ, ಎರಡು ದಿನದ ಕುರುಚಲು ಇದ್ದರೂ ಸೀಲ್ ಕೂರುವುದಿಲ್ಲ. ತಿರುಗುವ ಬ್ಲೇಡಿನ ಹತ್ತಿರ ಸಡಿಲ ಗ್ಲೌಸ್ ಬೇಡ, ಕೈಯನ್ನೇ ಎಳೆದುಕೊಳ್ಳುತ್ತದೆ. ಮರ ಎತ್ತಿ ಇಡುವಾಗ ಮಾತ್ರ ನೈಟ್ರೈಲ್ ಗ್ಲೌಸ್.

ನಮ್ಮ ಕಡೆ ನನಗೆ ಹೆಚ್ಚು ಹೆದರಿಕೆ ಮೂಗಿಗಿಂತ ಬಾಯಿಯ ವಿಷಯದಲ್ಲಿ. ಕೊಯ್ಯುತ್ತಾ ಕೊಯ್ಯುತ್ತಾ ಕವಳ (ಎಲೆಯಡಿಕೆ) ಹಾಕುತ್ತಾರೆ, ಬೀಡಿ ಹಚ್ಚುತ್ತಾರೆ. ಸುಣ್ಣ ಸವರುವ ಬೆರಳಿಗೇ ಪುಡಿ ಅಂಟಿರುತ್ತದೆ. ಸಂಚಿ, ಬೀಡಿ, ಟೀ ಲೋಟ ಶೆಡ್ಡಿನ ಹೊರಗಿರಲಿ. ನಲ್ಲಿ, ಸೋಪು ಶೆಡ್ಡಿನ ಬಾಗಿಲಲ್ಲೇ ಇಡಿ, ದೂರವಿದ್ದರೆ ಯಾರೂ ತೊಳೆಯುವುದಿಲ್ಲ. ಕೆಲಸದ ಬಟ್ಟೆ ಅಲ್ಲೇ ಬಿಚ್ಚಿಟ್ಟು ಮನೆಗೆ ಹೋಗಲಿ, ಒಗೆಯುವುದು ಬೇರೆಯಾಗಿ.

ಚೂರು, ಹೊಟ್ಟಿನ ವಿಷಯದಲ್ಲಿ ರಾಜಿಯೇ ಬೇಡ. ಬಚ್ಚಲ ಒಲೆಗೂ ಅಡಿಕೆ ಬೇಯಿಸುವ ಒಲೆಗೂ ಒಂದು ಚಕ್ಕೆ ಹೋಗಬಾರದು. ಸುಟ್ಟರೆ ಒಂದಷ್ಟು ಆರ್ಸೆನಿಕ್ ಹೊಗೆಯಲ್ಲಿ ಏಳುತ್ತದೆ, ಉಳಿದದ್ದು ಬೂದಿಯಲ್ಲಿ ದಟ್ಟವಾಗಿ ಸೇರಿಕೊಳ್ಳುತ್ತದೆ. ಅಂಥ ಬೂದಿ ನೆಕ್ಕಿ ದನ ಸತ್ತ ಪ್ರಕರಣಗಳು ದಾಖಲಾಗಿವೆ, ನಮ್ಮಲ್ಲಿ ಬೂದಿ ಹೋಗುವುದೇ ಗೊಬ್ಬರ ಗುಂಡಿಗೆ, ತೋಟಕ್ಕೆ. ಹೊಟ್ಟನ್ನು ಕೊಟ್ಟಿಗೆಗೆ ಹಾಸಲೂ ಕೊಡಬೇಡಿ. ಮಳೆ ತಾಗದಂತೆ ಮುಚ್ಚಳವಿರುವ ಡ್ರಮ್ಮಿನಲ್ಲಿ ತುಂಬಿ, ವಿಲೇವಾರಿಗೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯನ್ನು ಕೇಳಿ.

ಕೆಲಸದ ಜಾಗದ ಗಾಳಿಯಲ್ಲಿ ಆರ್ಸೆನಿಕ್ಕಿನ ಮಿತಿಯನ್ನು ಅಮೆರಿಕದ ನಿಯಮ ಎಂಟು ಗಂಟೆಯ ಸರಾಸರಿಗೆ ಘನ ಮೀಟರಿಗೆ 10 ಮೈಕ್ರೊಗ್ರಾಂ ಎನ್ನುತ್ತದೆ. ನಮ್ಮ 1948ರ ಕಾರ್ಖಾನೆ ಕಾಯ್ದೆಯ ಪಟ್ಟಿಯಲ್ಲಿದ್ದದ್ದು 0.2 ಮಿಲಿಗ್ರಾಂ, ಅಂದರೆ ಇಪ್ಪತ್ತು ಪಟ್ಟು ಸಡಿಲ. ನೀವು ಮೊದಲಿನದನ್ನೇ ಹಿಡಿಯಿರಿ. ಶ್ವಾಸಕೋಶ, ಚರ್ಮ, ಮೂತ್ರಕೋಶದ ಕ್ಯಾನ್ಸರ್ ತರುವ ವಸ್ತು ಇದು.

ಈಗಾಗಲೇ ಸೀಳಿದವರಿಗೆ ಮೂತ್ರ ಪರೀಕ್ಷೆ ಮಾಡಿಸಿ, ರಕ್ತದ್ದಲ್ಲ. ರಕ್ತದಿಂದ ಆರ್ಸೆನಿಕ್ ಬೇಗ ಇಳಿದುಹೋಗುತ್ತದೆ. ವಾರದ ಕೆಲಸ ಮುಗಿದ ದಿನ ಮಾದರಿ ಕೊಡಲಿ, ಅದಕ್ಕೆ ಮೊದಲು ನಾಲ್ಕು ದಿನ ಬಂಗುಡೆ, ಸೀಗಡಿ ಏನೂ ಬೇಡ. ಮೀನಿನಲ್ಲಿರುವ ನಿರುಪದ್ರವಿ ಆರ್ಸೆನಿಕ್ಕೂ ಸೇರಿಕೊಂಡು ಸುಳ್ಳು ಲೆಕ್ಕ ಬರುತ್ತದೆ. ಬರೀ ಒಟ್ಟು ಆರ್ಸೆನಿಕ್ ಅಲ್ಲ, ಅಜೈವಿಕ ಆರ್ಸೆನಿಕ್ (ಮರದ ಔಷಧದಲ್ಲಿರುವ ವಿಷದ ರೂಪ) ಮತ್ತು ದೇಹದೊಳಗೆ ಅದರಿಂದಾಗುವ ಮಿಥೈಲ್ ರೂಪಗಳನ್ನು ಬೇರೆಯಾಗಿ ಅಳೆಯಬೇಕೆಂದು ಚೀಟಿಯಲ್ಲಿ ಬರೆಸಿ. ಇವೆಲ್ಲದರ ಮೊತ್ತ ಲೀಟರಿಗೆ 35 ಮೈಕ್ರೊಗ್ರಾಂ ದಾಟಿದರೆ ಪುಡಿ ಒಳಗೆ ಹೋಗುತ್ತಿದೆ ಎಂದೇ ಅರ್ಥ. ಅಂಗೈ, ಅಂಗಾಲಲ್ಲಿ ಜೋಳದ ಕಾಳಿನಂಥ ಗಟ್ಟಿ ಗಂಟು, ಎದೆ ಬೆನ್ನಿನ ಮೇಲೆ ಚುಕ್ಕಿ ಚುಕ್ಕಿ ಕಪ್ಪು, ಕಾಲು ಜೋಮು ಇದ್ದವರು ವರದಿಗೆ ಕಾಯದೆ ಚರ್ಮದ ಡಾಕ್ಟರ ಹತ್ತಿರ ಹೋಗಲಿ, ಯಾವ ಮರ ಕೊಯ್ಯುತ್ತಿದ್ದರು ಎಂಬುದನ್ನೂ ಹೇಳಲಿ. ಅವರು ಹೇಳದಿದ್ದರೆ ಡಾಕ್ಟರಿಗೆ ಅದು ಹೊಳೆಯುವುದು ಕಷ್ಟ.