1,500 ರೂಪಾಯಿ ಒಳಗೆ ಮನೆ ಅಡುಗೆಗೆ ಯಾವ ಶೆಫ್ ನೈಫ್ ಒಳ್ಳೆಯದು? ಡಮಾಸ್ಕಸ್ ತಗೊಳ್ಳಲಾ?

ಡಮಾಸ್ಕಸ್, ಅಂದರೆ ಉಕ್ಕಿನ ಪದರಗಳನ್ನು ಬೆಸೆದು ಬಡಿದು ಅಲೆ ಅಲೆ ಚಿತ್ತಾರ ಬರಿಸಿದ ಚಾಕು, ಬೇಡ. ಕಾರ್ಟ್‌ನಲ್ಲಿ 1,200 ರೂಪಾಯಿಯ 67 ಪದರದ್ದನ್ನು ಹಾಕಿಟ್ಟಿದ್ದೀನಿ ಅಂತ ಬರೆದಿದ್ದೀರಿ, ಮೊದಲು ಅದನ್ನು ತೆಗೆಯಿರಿ. 1,200 ರೂಪಾಯಿಗೆ ನಿಜವಾದ 67 ಪದರದ ಉಕ್ಕು ಬರುವುದಿಲ್ಲ. ಆ ಬೆಲೆಯಲ್ಲಿ ಅಲೆ ಅಲೆಯ ಚಿತ್ತಾರವನ್ನು ಲೇಸರ್‌ನಿಂದ ಸುಮ್ನೆ ಮೇಲ್ಮೇಲೆ ಬರೆದಿರುತ್ತಾರೆ. ಕೊಂಡವರು ಹಾಕಿದ ಫೋಟೊಗಳನ್ನು ಪಕ್ಕ ಪಕ್ಕ ಇಟ್ಟು ನೋಡಿ, ಎಲ್ಲ ಚಾಕುಗಳಲ್ಲೂ ಒಂದೇ ಅಲೆ ಒಂದೇ ಜಾಗದಲ್ಲಿ ಕಾಣುತ್ತದೆ. ಪದರಗಳನ್ನು ಬೆಸೆದು ಬಡಿದಿದ್ದರೆ ಒಂದರ ಹಾಗೆ ಇನ್ನೊಂದು ಇರುವುದಿಲ್ಲ.

ಇನ್ನು ಮುಖ್ಯ ಪ್ರಶ್ನೆ. ಕಲಬುರಗಿಗೆ ಹೊಸದಾಗಿ ಬಂದು ಬಾಡಿಗೆ ಮನೆ ಮಾಡಿದ್ದೀರಿ, ಇಬ್ಬರಿಗೆ ಅಡುಗೆ, 8 ಇಂಚಿನ ಶೆಫ್ ನೈಫ್ ಬೇಕು, ಬಜೆಟ್ 1,500. ನಮ್ಮದು ಇದೇ ಊರಲ್ಲಿ ಸಣ್ಣ ಖಾನಾವಳಿ, ಬೆಳಗ್ಗೆ ಎದ್ದರೆ ಉಳ್ಳಾಗಡ್ಡಿ ಚೀಲದ ಮುಂದೆಯೇ ಕೂರೋದು. ನಾನು ಹೇಳುವುದು ಇಷ್ಟು: ಆ ದುಡ್ಡಿನಲ್ಲಿ ಅರ್ಧ ಮಾತ್ರ ಚಾಕುವಿಗೆ ಹಾಕಿ. ಉಳಿದರ್ಧ ಸಾಣೆಕಲ್ಲು ಮತ್ತು ಮರದ ಹಲಗೆಗೆ ಇರಲಿ. ಮೂರು ಸಾವಿರದ ಚಾಕುವೂ ಸಾಣೆ ಕಾಣದಿದ್ದರೆ ಮೊಂಡಾಗುತ್ತದೆ. ಏಳುನೂರರದ್ದು ಸಾಣೆ ಹಿಡಿಸಿಕೊಂಡರೆ ಮೆತ್ತಗಾದ ಟೊಮ್ಯಾಟೊವನ್ನೂ ಒತ್ತದೆ ಕೊಯ್ಯುತ್ತದೆ.

8 ಇಂಚು ಬೇಕೇ ಬೇಕಾ, ಒಮ್ಮೆ ಯೋಚಿಸಿ. ಇಷ್ಟು ದಿನ ಪ್ಲಾಸ್ಟಿಕ್ ಹಿಡಿಯ ಸಣ್ಣ ಚಾಕು ಹಿಡಿದ ಕೈಗೆ ಆರೂವರೆ, ಏಳು ಇಂಚಿನದ್ದು ಬೇಗ ಒಗ್ಗುತ್ತದೆ. ಸಾಂಟೋಕು ಅಂತ ಜಪಾನಿ ಆಕಾರದ್ದು ಸಿಗುತ್ತದೆ, ಮೂತಿ ಗಿಡ್ಡ, ಬಾಯಿ ಹೆಚ್ಚು ಕಡಿಮೆ ನೇರ. ಮೆಂತೆ, ಪುಂಡಿ, ಕೊತ್ತಂಬರಿ ಅಂತ ದಿನಾ ಸೊಪ್ಪು ಹೆಚ್ಚುವ ನಮ್ಮ ಕಡೆಯ ಅಡುಗೆಗೆ ನನಗೆ ಅದೇ ಇಷ್ಟ. ಮೂತಿಯನ್ನು ಹಲಗೆ ಮೇಲೆ ಊರಿ ಹಿಂಬದಿಯನ್ನು ಎತ್ತಿ ಇಳಿಸುತ್ತಾ ಹೆಚ್ಚುವ ಅಭ್ಯಾಸ ನಿಮಗಿದ್ದರೆ ಮಾತ್ರ ಶೆಫ್ ನೈಫ್ ತಗೊಳ್ಳಿ, ಅದರ ಬಾಯಿ ಡೊಂಕಾಗಿರುವುದೇ ಆ ಕೆಲಸಕ್ಕೆ.

ಆನ್‌ಲೈನ್ ಆರ್ಡರ್ ಮಾಡುವ ಮೊದಲು ನಮ್ಮೂರ ಸೂಪರ್ ಮಾರ್ಕೆಟ್ ಅನ್ನುವ ಪೇಟೆ ಕಡೆ ಪಾತ್ರೆ ಅಂಗಡಿಗಳಿಗೆ ಒಂದು ಸುತ್ತು ಹೋಗಿ ಬನ್ನಿ. ಪ್ಯಾಕೆಟ್ ಬಿಚ್ಚಿಸಿ ಕೈಗೆ ತಗೊಳ್ಳಿ, ನಾಚಿಕೆ ಬೇಡ. ಮೊದಲು ಬೆನ್ನಿನ ದಪ್ಪ ನೋಡಿ. ಜೇಬಿನಿಂದ 10 ರೂಪಾಯಿ ನಾಣ್ಯ ತೆಗೆದು ಪಕ್ಕದಲ್ಲಿ ಹಿಡಿಯಿರಿ. ಅಷ್ಟೇ ದಪ್ಪ, ಅಂದರೆ 2 ಮಿಲಿಮೀಟರ್ ಆಸುಪಾಸು ಇದ್ದರೆ ಸರಿ. 3 ದಾಟಿದ್ದು ಗಜ್ಜರಿಯನ್ನು ಕೊಯ್ಯುವುದಿಲ್ಲ, ಟಕ್ಕಂತ ಸೀಳುತ್ತದೆ, ತುಂಡು ಹಾರಿ ನೆಲಕ್ಕೆ ಬೀಳುತ್ತದೆ. ಭಾರ ಇದ್ದರೆ ಗಟ್ಟಿ ಮಾಲು ಅನ್ನುವ ಅಂಗಡಿಯವರ ಮಾತನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡಿ. ಆಮೇಲೆ ಹಿಡಿಯನ್ನು ಮುಷ್ಟಿಯಲ್ಲಿ ಹಿಡಿದು ಬಾಯಿಯನ್ನು ಕೌಂಟರ್ ಮೇಲಿನ ರಟ್ಟಿನ ಮೇಲೆ ಇಡಿ. ಬೆರಳಿನ ಗೆಣ್ಣು ರಟ್ಟಿಗೆ ತಾಗಿದರೆ ಆ ಅಲಗು ಅಗಲ ಸಾಲದು. ಮನೆಯಲ್ಲಿ ದಿನಾ ಗೆಣ್ಣು ಹಲಗೆಗೆ ಬಡಿಯುತ್ತದೆ. ಕೊನೆಗೆ ಬಾಯಿಯನ್ನು ಮೇಲೆ ಮಾಡಿ ಲೈಟಿಗೆ ಹಿಡಿಯಿರಿ. ಹರಿತವಾದ ಬಾಯಿ ಕಣ್ಣಿಗೆ ಕಾಣುವುದೇ ಇಲ್ಲ. ಎಲ್ಲಾದರೂ ಬಿಳಿ ಗೆರೆ ಮಿಂಚಿದರೆ ಅಲ್ಲಿ ಮೊಂಡು ಅಂತ ಲೆಕ್ಕ.

ಉಕ್ಕಿನ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಅಲಗಿನ ಮೇಲೋ ಡಬ್ಬಿಯ ಮೇಲೋ 1.4116 ಅಂತ ನಂಬರ್ ಇದ್ದರೆ ಕಣ್ಣು ಮುಚ್ಚಿ ತಗೊಳ್ಳಿ. ಸುಮಾರು 0.5% ಇಂಗಾಲ, 14–15% ಕ್ರೋಮಿಯಂ ಇರುವ ಸ್ಟೇನ್‌ಲೆಸ್ ಉಕ್ಕು ಅದು. ತುಕ್ಕು ಹಿಡಿಯುವುದು ಕಡಿಮೆ, ಸಾಧಾರಣ ಕಲ್ಲಿನಲ್ಲೂ ಸಾಣೆ ಕೂರುತ್ತದೆ. ವಿಕ್ಟೊರಿನಾಕ್ಸ್‌ನ ದೊಡ್ಡ ಚಾಕುಗಳೂ ಇದೇ ಜಾತಿಯವು, ಆದರೆ ನಿಮ್ಮ ಬಜೆಟ್ ಮೀರುತ್ತವೆ. 420 ಅಂತ ಬರೆದಿದ್ದರೆ ಇಂಗಾಲ ಇನ್ನೂ ಕಡಿಮೆ, ಹರಿತ ಬೇಗ ಹೋಗುತ್ತದೆ. ಮನೆಗೆ ಅದೂ ನಡೆಯುತ್ತದೆ, ಕಲ್ಲಿಗೆ ಪದೇ ಪದೇ ಹಾಕಬೇಕು ಅಷ್ಟೆ. ಗೋದ್ರೆಜ್ ಕಾರ್ಟಿನಿ, ಪಿಜನ್‌ನಂಥ ಮಾಮೂಲಿ ಹೆಸರುಗಳಲ್ಲೂ ಬೆನ್ನು ತೆಳು ಇರುವುದನ್ನು ಆರಿಸಿಕೊಳ್ಳಬಹುದು. ಹೈದರಾಬಾದಿಗೆ ಹೋಗುವ ಕೆಲಸ ಇದ್ದರೆ ಅಲ್ಲಿನ ಇಕಿಯಾದಲ್ಲೂ ಕೈಯಾರೆ ಹಿಡಿದು ನೋಡಬಹುದು.

ಕಂಬಾರರು ಲಾರಿಯ ಸ್ಪ್ರಿಂಗ್ ಪಟ್ಟಿ ಬಡಿದು ಮಾಡುವ ಚಾಕು ಹೇಗೆ ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಉಕ್ಕು ಭಾಳ ಒಳ್ಳೆಯದು. ಆದರೆ ಬೆನ್ನು ದಪ್ಪ, ಒದ್ದೆ ಇಟ್ಟರೆ ತುಕ್ಕು, ನಿಂಬೆಹುಳಿ ತಾಗಿದರೆ ಕಪ್ಪು. ಹೊಸಬರಿಗೆ ಬೇಡ.

ಈಗ ಹಲಗೆ. ನಮ್ಮೂರ ಅಡುಗೆಮನೆಗಳಲ್ಲಿ ಕಟ್ಟೆಗೆ ಶಹಾಬಾದ್ ಕಲ್ಲು ಅಥವಾ ಗ್ರಾನೈಟ್ ಹಾಕಿರುತ್ತಾರೆ, ಅದರ ಮೇಲೆಯೇ ಉಳ್ಳಾಗಡ್ಡಿ ಇಟ್ಟು ಹೆಚ್ಚುವವರೂ ಇದ್ದಾರೆ. ಗ್ರಾನೈಟ್ ಚಾಕುವಿಗಿಂತಲೂ ಗಡಸು. ಶಹಾಬಾದ್ ಕಲ್ಲು ಸುಣ್ಣದಕಲ್ಲು, ಅಷ್ಟು ಗಡಸಲ್ಲ. ಆದರೆ ಮರದ ಹಾಗೆ ಬಾಯಿಗೆ ಜಾಗ ಬಿಡುವುದಿಲ್ಲ, ಹಾಗಾಗಿ ತೆಳ್ಳನೆಯ ಅಂಚು ಅದರ ಮೇಲೂ ಮಡಚಿಕೊಳ್ಳುತ್ತದೆ. ಗಾಜಿನ ಬೋರ್ಡೂ ಹಾಗೇ. ಮರದ್ದು ತಗೊಳ್ಳಿ, ಕೆಳಗೆ ಒದ್ದೆ ಬಟ್ಟೆ ಹಾಸಿ, ಜಾರುವುದಿಲ್ಲ.

ಸಾಣೆಗೆ ಹಾರ್ಡ್‌ವೇರ್ ಅಂಗಡಿಯಲ್ಲಿ ಎರಡು ಮುಖದ ಕಲ್ಲು ಕೇಳಿ, ಒಂದು ಮುಖ ಒರಟು, ಇನ್ನೊಂದು ನುಣುಪು. ಸ್ವಲ್ಪ ಜಾಸ್ತಿ ಖರ್ಚಿಗೆ ತಯಾರಿದ್ದರೆ 1000 ಗ್ರಿಟ್‌ನ (ಕಲ್ಲು ಎಷ್ಟು ನುಣುಪು ಅನ್ನುವ ಅಳತೆ) ನೀರುಕಲ್ಲು ಆನ್‌ಲೈನ್‌ನಲ್ಲಿ ಸಿಗುತ್ತದೆ. ಕಲ್ಲನ್ನು ನೆನೆಸಿ, ಚಾಕುವನ್ನು ಅದರ ಮೇಲೆ ಮಲಗಿಸಿ, ಬೆನ್ನನ್ನು ನಿಮ್ಮ ಹೆಬ್ಬೆರಳ ತುದಿಯ ದಪ್ಪದಷ್ಟು ಮಾತ್ರ ಎತ್ತಿ. ಅದೇ ಓರೆಯಲ್ಲಿ ಹಿಂದೆ ಮುಂದೆ ತಿಕ್ಕಿ, ಅವಸರ ಬೇಡ. ಸ್ವಲ್ಪ ಹೊತ್ತಾದ ಮೇಲೆ ಆಚೆ ಪಕ್ಕದ ಅಂಚಿನ ಮೇಲೆ, ಬೆನ್ನಿನ ಕಡೆಯಿಂದ ಹೊರಕ್ಕೆ, ಬೆರಳನ್ನು ಹಗುರಾಗಿ ಸವರಿ. ಸಣ್ಣಗೆ ತರಿ, ಅಂದರೆ ಆಚೆಗೆ ಮಗುಚಿದ ಉಕ್ಕಿನ ಒರಟು, ತಾಗುತ್ತದೆ. ಬುಡದಿಂದ ತುದಿಯವರೆಗೂ ಆ ತರಿ ಬಂದಿದ್ದರೆ ಮಾತ್ರ ಮಗ್ಗಲು ಬದಲಿಸಿ. ತುಂಬಾ ಜನ ತರಿ ಬರುವ ಮೊದಲೇ ಬಿಟ್ಟು, ಕಲ್ಲು ಸರಿಯಿಲ್ಲ ಅನ್ನುತ್ತಾರೆ. ಎರಡೂ ಕಡೆ ಆದ ಮೇಲೆ ನುಣುಪು ಮುಖದ ಮೇಲೆ ಹಗುರಾಗಿ ಆಡಿಸಿದರೆ ತರಿ ಹೋಗುತ್ತದೆ. ನಡುವೆ ಹರಿತ ಸ್ವಲ್ಪ ಇಳಿದಾಗ ಪಿಂಗಾಣಿ ಕಪ್ಪನ್ನು ಬೋರಲು ಹಾಕಿ, ತಳದ ಒರಟು ಬಳೆಯ ಮೇಲೆ ನಾಲ್ಕು ಸಲ ಎಳೆದರೂ ಕೆಲಸ ಆಗುತ್ತದೆ. ಎಳ್ಳಮಾವಾಸ್ಯೆಗೆ ನಮ್ಮ ಕಡೆ ಮಾಡುವ ಭಜ್ಜಿ ಪಲ್ಯಕ್ಕೆ ಅಷ್ಟೊಂದು ತರಕಾರಿ ಹೆಚ್ಚಬೇಕಲ್ವಾ, ಹಿಂದಿನ ರಾತ್ರಿ ಕಲ್ಲಿಗೆ ಹಾಕಿಟ್ಟುಕೊಳ್ಳಿ.

ಸೈಕಲ್ ಮೇಲೆ ಬರುವ ಸಾಣೆಯವರಿಗೆ ಕುಡುಗೋಲು, ಈಳಿಗೆ ಕೊಡಿ. ತೆಳು ಚಾಕು ಬೇಡ. ಒಣ ಚಕ್ರಕ್ಕೆ ಹಿಡಿದಾಗ ಅಂಚು ಕಾದು ನೀಲಿ ಬಣ್ಣಕ್ಕೆ ತಿರುಗಿದರೆ ಉಕ್ಕಿನ ಹದ ಹೋಯಿತು ಅಂತಲೇ.

ದುಡ್ಡು ಉಳಿದರೆ ಮೂರೂವರೆ ಇಂಚಿನ ಸಣ್ಣ ಚಾಕು ಒಂದು ಇರಲಿ. ಎಣ್ಣೆಗಾಯಿಗೆ ಬದನೆಕಾಯಿಯನ್ನು ತೊಟ್ಟು ಬಿಡದ ಹಾಗೆ ನಾಲ್ಕಾಗಿ ಸೀಳುವುದು ದೊಡ್ಡ ಚಾಕುವಿನ ಕೆಲಸವಲ್ಲ. ಬೋರ್‌ವೆಲ್ ನೀರಿದ್ದರೆ ತೊಳೆದ ಕೂಡಲೇ ಒರೆಸಿ, ಇಲ್ಲದಿದ್ದರೆ ಅಲಗಿನ ಮೇಲೆ ಬಿಳಿ ಕಲೆ ಕೂರುತ್ತದೆ. ಮತ್ತೆ ಮಟನ್ ಎಲುಬಿಗೆ, ತೆಂಗಿನಕಾಯಿಗೆ ಈ ಎರಡೂ ಚಾಕುಗಳನ್ನು ಮುಟ್ಟಿಸಬೇಡಿ. ಎಲುಬನ್ನು ಅಂಗಡಿಯಲ್ಲೇ ತುಂಡು ಮಾಡಿಸಿಕೊಂಡು ಬನ್ನಿ.